ಹನ್ನೊಂದನೆಯ ತೇಪೆ

ಕುಂಬಳೆ ಸ್ಟ್ಯಾಂಡಿನಲ್ಲಿ ಬದಿಯಡ್ಕದ ಬಸ್ಸು.
ಎದುರಿನ ಬೋರ್ಡು ಮಲಯಾಳದಲ್ಲಿ; ಅದರಡಿಗೆ
ರಟ್ಟಿನ ಚೂರಿನಲ್ಲಿ ಕನ್ನಡ,
ಕಂಡಕ್ಟರ್ ಕೊರಗಪ್ಪ ತಾನೇ ಬರೆದು ಅಂಟಿಸಿದ್ದು.
ಬಸ್ಸು ಬದಲಾದಾಗಲೆಲ್ಲ
ಉಗುರಿನಿಂದ ಮೆಲ್ಲ ಎಬ್ಬಿಸಿ
ಹೊಸ ಗಾಜಿಗೆ ಹಚ್ಚುತ್ತಾನೆ.
ಸೋತ ಮೂಲೆಗೆ ಇನ್ನೊಂದು ಟೇಪು.

ನನ್ನ ಕೆಲಸವೂ ಅಷ್ಟೆ.

ಶಾಲೆಯ ಲ್ಯಾಬಿನಲ್ಲಿ ಹದಿನಾಲ್ಕು ಮುದಿ ಕಂಪ್ಯೂಟರು,
ಪ್ರಶ್ನೆಪತ್ರಿಕೆ, ಅಂಕಪಟ್ಟಿ ಜೋಡಿಸುವ ತಂತ್ರಾಂಶ,
ಎಲ್ಲಿಯವರೋ ಬರೆದು
ಯಾರು ಬೇಕಾದರೂ ತಿದ್ದಿ ಎಂದು ಬಿಟ್ಟದ್ದು.
ನಮ್ಮಲ್ಲಿ ಅದು ಎದ್ದು ನಿಲ್ಲಬೇಕಾದರೆ
ಹನ್ನೊಂದು ತೇಪೆ ಹಚ್ಚಬೇಕು.
ಅಕ್ಷರಗಳ ಪೆಟ್ಟಿಗೆ ಇಲ್ಲಿ ಬೇರೆ ಕಪಾಟಿನಲ್ಲುಂಟು ಎನ್ನಲು ಒಂದು,
ಮೂವತ್ತೆರಡು ಬಿಟ್ಟಿನ ಮುದುಕರಿಗೆ ಮೆಲ್ಲ ಉಣಿಸಲು ಒಂದು,
ಮತ್ತೊಂದು ಯಾಕೆಂದು ನನಗೂ ಗೊತ್ತಿಲ್ಲ,
ತೆಗೆದರೆ ಪ್ರಿಂಟರು ಮುನಿಯುತ್ತದೆ.

ಎಲ್ಲ ಐತ್ತಪ್ಪ ಮಾಸ್ತರರ ಕಾಲದವು.
ನಿವೃತ್ತಿಯ ದಿನ ಪೆನ್‌ಡ್ರೈವು ಕೈಗಿಟ್ಟು
"ಹೊಸದು ಬಂದಾಗ ಒಂದೊಂದೇ ಹಚ್ಚಿ ನೋಡು ಮಾರಾಯ್ತಿ,
ಕೂತರೆ ಕೂತಿತು" ಎಂದರು.
ಹೊಸದು ಬರುತ್ತದೆ, ನಲವತ್ತನೆಯ ಸಾಲು ಅರುವತ್ತಕ್ಕೆ ಸರಿದಿರುತ್ತದೆ,
ಗಾಳಿಗೆ ಹೊಲಿದ ಗುಂಡಿಯ ಹಾಗೆ
ತೇಪೆ ನೇತಾಡುತ್ತದೆ.
ಆರು ವರ್ಷ ಹೊಲಿದೆ.

ಮೂಲದವರನ್ನು ಅವರ ಮಾತಿನಲ್ಲಿ ಮೇಲ್ಹೊಳೆ ಎನ್ನುತ್ತಾರೆ.
ನಮ್ಮ ಹೊಳೆ ಮೇಲೆ ಪಯಸ್ವಿನಿ, ಕೆಳಗೆ ಚಂದ್ರಗಿರಿ;
ಕಡಲು ಕಾಣುವಷ್ಟರಲ್ಲಿ ಹೆಸರೇ ಬೇರೆ.
ಆದರೂ ಭರತದ ಹೊತ್ತಿಗೆ ಸೇತುವೆಯಡಿ
ಉಪ್ಪುನೀರು ಸ್ವಲ್ಪ ದೂರ ಹಿಂದಕ್ಕೆ ನಡೆಯುತ್ತದೆ.
ಒಂದು ಬೇಸಗೆ ರಜೆಯಲ್ಲಿ ನಾನೂ ಹೊರಟೆ,
ಹನ್ನೊಂದನ್ನೂ ಬಿಡಿಸಿ, ಮಡಿಸಿ, ಒಂದೊಂದಕ್ಕೂ ಚೀಟಿ ಬರೆದು.

ನೋಡುವವ ಮೊಂಟೆವಿಡಿಯೊದ ಅನ್ಸೆಲ್ಮೊ.
ಅವನು ಮಲಗುವ ಹೊತ್ತು ನನಗೆ ಬೆಳಗಿನ ಚಾ.
ನಾಲ್ಕನ್ನು ಕೂಡಲೇ ತೆಗೆದುಕೊಂಡ.
ಮೂರನ್ನು ಎಂದೋ ಬೇರೆ ಬಗೆಯಲ್ಲಿ ಸರಿಮಾಡಿದ್ದನಂತೆ,
ವಾಸಿಯಾದ ಗಾಯಕ್ಕೆ ನಾನು ಪಟ್ಟಿ ಕಟ್ಟುತ್ತಲೇ ಇದ್ದೆ.
ಎರಡು ನಿಮ್ಮ ಬಾಗಿಲಿನ ಅಳತೆಯವು, ನಿಮ್ಮಲ್ಲೇ ಇರಲಿ ಎಂದ.
ಪ್ರಿಂಟರಿನದಕ್ಕೆ, ಇದು ಯಾಕೆ? ಎಂದ.
ಮಾಸ್ತರರಿಗೆ ಫೋನು ಮಾಡಿದೆ.
"ಎಂತದೋ ಇತ್ತು" ಎಂದರು.

ಉಳಿದದ್ದು ಹನ್ನೊಂದನೆಯದು.

ರ‍್ಯಾಂಕ್ ಎಂದು ಬರೆಯಬೇಕಾದರೆ
ರಕಾರದ ಬೆನ್ನಿಗೆ ಕಾಣದ ಅಕ್ಷರವೊಂದು ಕೂರಬೇಕು.
ಉಚ್ಚಾರವಿಲ್ಲ, ಅಗಲವಿಲ್ಲ,
ಹಿಡಿದುಕೊಂಡಿರುವುದಷ್ಟೆ ಅದರ ಕೆಲಸ.
ಅವನ ತಂತ್ರಾಂಶ ಅದನ್ನು ಕಸವೆಂದು ಗುಡಿಸುತ್ತಿತ್ತು.
ಹಿಂದೊಮ್ಮೆ ಸುಮಯ್ಯಳ ಅಂಕಪಟ್ಟಿಯಲ್ಲಿ
ಮೊದಲ ರ್ಯಾಂಕ್ ಎಂದು ಅಚ್ಚಾಗಿ
ಅವಳ ಅಜ್ಜ ಬೆರಳಿಟ್ಟು ಕೇಳಿದ್ದರು,
"ರ ಯಾಕೆ ಟೀಚರೇ ಹಿಂದೆ ಬಿದ್ದದ್ದು?"

ಅನ್ಸೆಲ್ಮೊ ಬರೆದ: ಎಷ್ಟು ದಿಟ್ಟಿಸಿದರೂ
ಇಲ್ಲಿ ಏನೂ ಕಾಣುವುದಿಲ್ಲ. ಏನನ್ನು ಉಳಿಸಲಿ?
ಎರಡು ಚಿತ್ರ ಕಳಿಸಿದೆ,
ಅದು ಇರುವಾಗಿನ ರ, ಇಲ್ಲದಾಗಿನ ರ.
ಒಂಬತ್ತು ದಿನ ಸದ್ದಿಲ್ಲ.
ಹತ್ತನೆಯ ಬೆಳಗಿಗೆ ಒಂದೇ ಪದ:
ಸೇರಿಸಿದೆ.

ಈಗ ಅದು ತೇಪೆಯಲ್ಲ, ಬಟ್ಟೆ.
ಹೊಲಿಗೆ ಹುಡುಕಿದರೂ ಸಿಗದು, ಹೊಲಿದವರೂ ಸಿಗರು.
ನನ್ನ ಕಡತದಿಂದ ಅಳಿಸುವಾಗ ಬೆರಳು
ಕೀಲಿಯ ಮೇಲೆ ಒಂದಿಷ್ಟು ಹೊತ್ತು ಹಾಗೇ ಇತ್ತು.
ಪ್ರಿಂಟರಿನದನ್ನೂ ತೆಗೆದು ನೋಡಿದೆ;
ಮುನಿಯಿತು; ಮತ್ತೆ ಹಚ್ಚಿದೆ.

ಜೂನಿನಲ್ಲಿ ಪಕ್ಕದ ಮೇಜಿನ ಮಲಯಾಳ ಟೀಚರ್ ರುಖಿಯಾ
ಹಳೆಯ ಪಾಠವೊಂದನ್ನು ತೆರೆದವಳೇ ಕೂಗಿದಳು,
ಮುರಿದಿದ್ದ ಚಿಲ್ಲಕ್ಷರಗಳೆಲ್ಲ ನೆಟ್ಟಗೆ ಕೂತಿವೆ!
ಅವಕ್ಕೂ ಬೇಕಿತ್ತಂತೆ
ಕಾಣದ ಅದೇ ಅಕ್ಷರ. ನನಗೆ ಗೊತ್ತಿರಲಿಲ್ಲ.
ಯಾರು ಸರಿಮಾಡಿದ್ದು? ಎಂದಳು.
ಮೇಲಿಂದ ಬಂತು, ಎಂದೆ.

ಸಂಜೆ ಸ್ಟ್ಯಾಂಡಿನಲ್ಲಿ ಮತ್ತೊಂದು ಹೊಸ ಬಸ್ಸು.
ಕೊರಗಪ್ಪ ಹಲ್ಲಿನಿಂದ ಟೇಪು ತುಂಡರಿಸುತ್ತಿದ್ದ.
ಚೀಲ ಕೆಳಗಿಟ್ಟು
ನಾನು ರಟ್ಟು ಹಿಡಿದುಕೊಂಡೆ.